ನಕ್ಷೆಯ ಮಡಿಕೆಯಲ್ಲೊಂದು ಬಾವಿ

“ಹತ್ತಿರದ್ದೇ ಹಾಕೋಣ ಅಮ್ಮಾ,” ಎನ್ನುತ್ತಾ ಮಗಳು ಪೆಟ್ಟಿಗೆಯ ಮೇಲೆ ಬಗ್ಗಿ ಅಪ್ಪನ ಮೂಗಿಗೆ ಕನ್ನಡಕ ಕೂರಿಸುತ್ತಿದ್ದಳು. “ಇನ್ಮೇಲೆ ದೂರದ್ದು ನೋಡೋಕೆ ಏನಿದೆ ಇವರಿಗೆ?”

“ನಿಮ್ಮಪ್ಪ ಹತ್ತಿರ ಇರೋದನ್ನ ಯಾವತ್ತು ನೋಡಿದ್ರು? ದೂರದ್ದು ಹಾಕು.”

“ಅದರ ಕಡ್ಡಿ ಮುರಿದಿದೆಯಲ್ಲ.”

“ಊರಿಗೆಲ್ಲ ಕಡ್ಡಿ ಹಾಕಿಕೊಟ್ರು, ತಮ್ಮದಕ್ಕೆ ಮಾತ್ರ ದಾರ ಕಟ್ಕೊಂಡ್ರು. ಇರ್ಲಿ, ಅದನ್ನೇ ಹಾಕು. ದಾರ ಇಲ್ಲದೆ ಹೋದ್ರೆ ಅಲ್ಲಿ ಯಾರಿಗೂ ಗುರುತು ಸಿಗಲ್ಲ.”

ಪೆಟ್ಟಿಗೆಯಲ್ಲಿ ಮಲಗಿದ್ದವರು ಬದುಕಿಡೀ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ನಡೆಸಿದವರು. ಊರಿನವರಿಗೆ ಅವರು ಕನ್ನಡಕದವರು, ಅಷ್ಟೇ. ಅವರ ಹೆಂಡತಿಯನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು, ಆಕೆಗಿಂತ ವಯಸ್ಸಾದವರೂ ಸಹ. ಅಮ್ಮ ಎರಡು ದಿನ ಮನಸಾರೆ ಅತ್ತಿದ್ದರು. ಇವತ್ತು ಬೆಳಿಗ್ಗೆ ಎದ್ದು ಮುಖ ತೊಳೆದು, ಬಂದವರಿಗೆ ಕುರ್ಚಿ ಸಾಕೇ, ಚಹಾಕ್ಕೆ ಸಕ್ಕರೆ ಇದೆಯೇ ಎಂದು ವಿಚಾರಿಸಲು ಶುರುಮಾಡಿದ್ದರು. ಮಧ್ಯಾಹ್ನ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು.

ನಡುಮನೆಯ ತುಂಬ ಜನ. ಊರಿನ ಅರ್ಧದಷ್ಟು ಮೂಗುಗಳ ಮೇಲೆ ಅವರೇ ಕೂರಿಸಿದ ಕನ್ನಡಕಗಳು, ಹಾಗಾಗಿ ಅಳುವಾಗ ಎಲ್ಲರೂ ಒಂದೇ ಅಂಗಡಿಯ ಗಾಜು ಒರೆಸಿಕೊಳ್ಳುತ್ತಿದ್ದರು. ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದವನು ಬೇಕರಿಯವನು, ಬಾಗಿಲಗಲದ ಆಳು. ಮೂಲೆಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಇವರಿಬ್ಬರೂ ಕನ್ನಡಕದವರ ಭಾನುವಾರದ ಗೆಳೆಯರು. ಹಳೆಯ ನಕ್ಷೆಯೊಂದನ್ನು ಹಿಡಿದು ಊರ ಸುತ್ತಲಿನ ಹೊಲ, ಹಳ್ಳ, ಬೇಲಿಗಳನ್ನೆಲ್ಲ ಜಾಲಾಡಿ, ನಾಯಿಗಳಿಂದ ಅಟ್ಟಿಸಿಕೊಂಡು, ಕೆಸರು ಮೆತ್ತಿಕೊಂಡು ಮನೆಗೆ ಬರುತ್ತಿದ್ದ ತಂಡ ಇದೇ.

ಆಗ ಗುಂಡಿ ತೋಡುವವನು ಏದುಸಿರು ಬಿಡುತ್ತಾ ಒಳಗೆ ಬಂದ. ಸದಾ ಹೆಗಲ ಮೇಲೆ ಹಾರೆ ಇರುವುದರಿಂದ ಅವನಿಗೆ ಹಾರೆಯಣ್ಣ ಎಂದೇ ಹೆಸರು. ಇವತ್ತೂ ಹಾರೆ ಹೊತ್ತೇ ಬಂದಿದ್ದ.

“ಅಮ್ಮಾ, ಒಂದು ಎಡವಟ್ಟಾಗಿದೆ.”

“ಏನಾಯ್ತಪ್ಪಾ?”

“ಯಜಮಾನ್ರ ಗುಂಡೀಲಿ ಬಾವಿ ಸಿಕ್ಕಿದೆ.”

ಬೇಕರಿಯವನು ಚಹಾದ ತಟ್ಟೆ ಸಮೇತ ಇತ್ತ ತಿರುಗಿದ. ಮೇಷ್ಟ್ರು ಎದ್ದು ನಿಂತರು.

“ಕಲ್ಲು ಕಟ್ಟಿದ್ದಾ?” ಮೇಷ್ಟ್ರು ಕೇಳಿದರು.

“ಕಲ್ಲಿಂದೇ. ಮಂಡಿಯಾಳ ಅಗೆದಿದ್ದೆ, ಹಾರೆ ಠಣ್ ಅಂತು. ದೊಡ್ಡ ಚಪ್ಪಡಿ. ಎತ್ತಿ ನೋಡಿದ್ರೆ ಕೆಳಗೆ ಕತ್ತಲು. ಕಲ್ಲು ಎಸೆದೆ, ನೀರಿನ ಸದ್ದು ಬಂತು. ನನ್ನ ಅದೃಷ್ಟ ಚೆನ್ನಾಗಿತ್ತು, ಯಜಮಾನ್ರಿಗಿಂತ ಮುಂಚೆ ನಾನೇ ಒಳಗೆ ಹೋಗ್ತಿದ್ದೆ.”

ಬೇಕರಿಯವನು ತುಟಿ ಕಚ್ಚಿಕೊಂಡ. ಸಾವಿನ ಮನೆಯಲ್ಲಿ ನಗಬಾರದು ಎಂಬುದು ಅವನಿಗೂ ಗೊತ್ತಿತ್ತು. ಹೊಟ್ಟೆ ಮಾತ್ರ ಮಾತು ಕೇಳದೆ ಕುಲುಕತೊಡಗಿತು. ಅವನು ತಟ್ಟೆಯನ್ನು ಯಾರದೋ ಮಡಿಲಿಗೆ ತುರುಕಿ ಒಳಕೋಣೆಗೆ ಓಡಿದ, ಹಿಂದೆಯೇ ಮೇಷ್ಟ್ರೂ ಓಡಿದರು. ನಕ್ಷೆ ಇದ್ದದ್ದು ಅಲ್ಲೇ.

*

ಆ ನಕ್ಷೆ ಈ ಮನೆಗೆ ಬಂದದ್ದು ಒಂದು ಬೀರುವಿನ ಜೊತೆ. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರು ಹಳೆಸಾಮಾನಿನ ಅಂಗಡಿಯಿಂದ ಮರದ ಬೀರುವೊಂದನ್ನು ತಂದಿದ್ದರು. ಖಾನೆಗಳನ್ನು ಒರೆಸುವಾಗ ತಳಕ್ಕೆ ಹಾಸಿದ್ದ ದಪ್ಪ ಕಾಗದವೊಂದನ್ನು ಅಮ್ಮ ಎಳೆದು ಒಲೆಗೆ ಹಾಕಲು ಹೊರಟಿದ್ದರು. ನಾಲ್ಕಾಗಿ ಮಡಚಿದ ಕಾಗದ, ಮಡಿಕೆಗಳು ಕೂಡುವ ನಡುಭಾಗದಲ್ಲಿ ಸವೆದು ತೂತಾಗಿತ್ತು.

“ತಡಿ ತಡಿ ತಡಿ,” ಎಂದು ಕನ್ನಡಕದವರು ಕಸಿದುಕೊಂಡರು. ಅಂದು ಕಸಿದುಕೊಂಡದ್ದನ್ನು ಅವರು ಸಾಯುವತನಕ ಕೆಳಗಿಡಲಿಲ್ಲ ಎನ್ನಬೇಕು.

ಅದು ಮುತ್ತಜ್ಜಂದಿರ ಕಾಲದಲ್ಲಿ ಸರ್ವೆಯವರು ಅಳೆದು ಅಚ್ಚು ಹಾಕಿಸಿದ ಭೂನಕ್ಷೆ. ಇದೇ ಊರಿನದು, ಸುತ್ತಲ ಸೀಮೆಯದು. ಗುಡ್ಡದ ಏರಿಳಿತಕ್ಕೆ ಕಂದು ಗೆರೆ, ಹಳ್ಳಕ್ಕೆ ನೀಲಿ ಗೆರೆ, ಮನೆಗೊಂದು ಕರಿ ಚುಕ್ಕೆ. ಈಗ ಬಸ್ಸು ನಿಲ್ಲುವಲ್ಲಿ ಆಗ ಕೆರೆ. ಪೇಟೆಬೀದಿಯ ಜಾಗದಲ್ಲಿ ಬರೀ ಹುಲ್ಲಿನ ಗುರುತು.

“ನೋಡೇ ಇಲ್ಲಿ! ನಾವೀಗ ನಿಂತಿರೋದು ಹುಲ್ಲುಗಾವಲಲ್ಲಿ.”

“ಹಾಗಾದ್ರೆ ಗುಡಿಸೋದು ಬೇಡ ಬಿಡಿ,” ಎಂದು ಅಮ್ಮ ಪೊರಕೆ ಮೂಲೆಗಿಟ್ಟರು.

ಅಂದಿನಿಂದ ನಕ್ಷೆ ಊಟದ ಮೇಜಿನ ಮೇಲೆ ಠಿಕಾಣಿ ಹೂಡಿತು. ಮೇಲೆ ಗಾಜು ಹಾಕಿದರು. ಮನೆಯವರು ಗುಡ್ಡ ಬೆಟ್ಟಗಳ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಮಗಳು ಎಣಿಸಲು ಕಲಿತದ್ದೇ ಆ ಕರಿ ಚುಕ್ಕೆಗಳ ಮೇಲೆ ಬೆರಳಿಟ್ಟು. ಭಾನುವಾರ ಬಂತೆಂದರೆ ಗಾಜು ಎತ್ತಿ, ನಕ್ಷೆಯನ್ನು ಹಲಗೆಗೆ ಸಿಕ್ಕಿಸಿಕೊಂಡು ಅಪ್ಪ ನಾಪತ್ತೆ.

ತಂಡ ಕಂಡುಹಿಡಿದದ್ದು ಕಡಿಮೆಯೇನಲ್ಲ. ನಕ್ಷೆಯ ಹಳೆ ಗಾಡಿದಾರಿ ಈಗ ಎರಡು ಸಾಲು ಮನೆಗಳ ಹಿತ್ತಲ ನಡುವೆ ಚರಂಡಿಯಾಗಿ ಬದುಕಿತ್ತು. ಇಟ್ಟಿಗೆ ಗೂಡಿದ್ದ ಜಾಗದಲ್ಲಿ ಮಣ್ಣು ಇನ್ನೂ ಕೆಂಪಗಿತ್ತು. ಮೈಲಿಗಲ್ಲೊಂದು ಕಾಣೆಯಾಗಿದೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡು ಹುಡುಕಿದರೆ, ಅದರ ಮೇಲೆ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ಸೋಪಿನ ನೊರೆ ಸರಿಸಿ ಮೂವರೂ ಅಂಕಿ ಓದುವುದನ್ನು ನೋಡಿ ಆಕೆ ಗಂಡನನ್ನು ಕೂಗಿ ಕರೆದಿದ್ದಳು.

ಸಿಗದೆ ಸತಾಯಿಸಿದ್ದು ಒಂದೇ. ಊರಾಚೆ ಏಳು ಕರಿ ಚುಕ್ಕೆಗಳ ಒಂದು ಕೇರಿ, ಅದರ ಪಕ್ಕ ‘ಹಳೇ ಬಾವಿ’ ಎಂಬ ಅಕ್ಷರ. ಆ ಕೇರಿ ಈಗಿಲ್ಲ. ಹೊಸ ರಸ್ತೆ ಗುಡ್ಡದ ಆಚೆ ಬದಿಗೆ ಬಂದಾಗ ಜನ ಒಬ್ಬೊಬ್ಬರಾಗಿ ಬಾಗಿಲು, ತೊಲೆ ಎಲ್ಲ ಕಿತ್ತು ಹೊತ್ತುಕೊಂಡು ಹೋದರಂತೆ. ಮಣ್ಣಿನ ಗೋಡೆ ಮತ್ತೆ ಮಣ್ಣಾಯಿತು. ಬೇಕರಿಯವನ ಮುತ್ತಜ್ಜಿ ಆ ಕೇರಿಯವಳು. ಆ ನೀರು ಸಿಹಿಯಾಗಿತ್ತು ಎಂಬ ಒಂದು ಮಾತಷ್ಟೇ ಅವನ ಮನೆಯಲ್ಲಿ ಉಳಿದಿತ್ತು.

“ಮನೆ ಹೊತ್ಕೊಂಡು ಹೋಗಬಹುದು. ಬಾವಿ ಹೊತ್ಕೊಂಡು ಹೋಗೋಕಾಗತ್ತಾ?” ಎಂದು ಕನ್ನಡಕದವರು ವಾದಿಸುತ್ತಿದ್ದರು. “ಅದು ಅಲ್ಲೇ ಇದೆ. ಸಿಕ್ಕರೆ ಮೊದಲು ಬಾಯಿಕಟ್ಟಿನ ಮೇಲೆ ಹಗ್ಗದ ಗೀರು ನೋಡ್ಬೇಕು. ಆ ಜನ ಇದ್ರು ಅನ್ನೋದಕ್ಕೆ ಅದೊಂದೇ ಸಾಕ್ಷಿ.”

ಅಕ್ಷರದ ಎಡಕ್ಕೆ ಒಂದು ಪುಟ್ಟ ನೀಲಿ ಚುಕ್ಕೆ ಇತ್ತು. ನೀಲಿ ಅಂದರೆ ನೀರು, ಚುಕ್ಕೆ ಅಂದರೆ ಬಾವಿ. ಅಳೆದು ನೋಡಿದಾಗ ಅದು ಹೋಗಿ ಬಿದ್ದದ್ದು ಒಬ್ಬ ಅಜ್ಜಿಯ ಕುಂಬಳದ ಹೊಲದಲ್ಲಿ. ಅಜ್ಜಿಗೆ ಒಂದು ಕನ್ನಡಕ ಉಡುಗೊರೆ ಕೊಟ್ಟು ಅಪ್ಪಣೆ ಪಡೆದರು. ಪ್ರತಿ ವರ್ಷ ಕಾಯಿ ಕಿತ್ತ ಮೇಲೆ ಮೂವರೂ ಹೋಗಿ ಅಗೆಯುವುದು, ಬರಿಗೈಯಲ್ಲಿ ಬರುವುದು. ಅಜ್ಜಿಯ ಹೊಲ ವರ್ಷಾವರ್ಷ ಪುಕ್ಕಟೆಯಾಗಿ ಹದವಾಗುತ್ತಿತ್ತು. ಅಂಥ ಕುಂಬಳ ಸುತ್ತಲಲ್ಲಿ ಎಲ್ಲೂ ಬೆಳೆಯುತ್ತಿರಲಿಲ್ಲ.

“ಅದು ನಿಮ್ಮ ಪೆನ್ನಿಂದ ಬಿದ್ದ ಇಂಕು,” ಎಂದು ಅಮ್ಮ ಮೊದಲ ವರ್ಷವೇ ಹೇಳಿದ್ದರು.

ಕನ್ನಡಕದವರು ಅಂಗಡಿಯಲ್ಲಿದ್ದ ಅತಿ ದಪ್ಪದ ಮಸೂರ ತಂದು ನೋಡಿದರು. “ಅಚ್ಚಿಂದೇ ಇದು. ಅಂಚು ನೋಡು, ಎಷ್ಟು ದುಂಡಗಿದೆ!”

“ನಾನು ಬರೀ ಕಣ್ಣಲ್ಲಿ ನೋಡಿ ಹೇಳ್ತಿದೀನಿ.”

“ಅದೇ ನಿನ್ನ ತೊಂದರೆ.”

*

ಊಟದ ಮೇಜನ್ನು ಇವತ್ತು ಪೆಟ್ಟಿಗೆಗೆ ಬಿಟ್ಟುಕೊಟ್ಟಿದ್ದರಿಂದ ನಕ್ಷೆ ಒಳಕೋಣೆಯ ಮಂಚದ ಮೇಲೆ ಹರಡಿಕೊಂಡಿತ್ತು. ಮೇಷ್ಟ್ರು ಅಳತೆಪಟ್ಟಿ ಇಟ್ಟು, ನಕ್ಷೆಯಲ್ಲೂ ಇದ್ದ ಹಳ್ಳದ ಸೇತುವೆಯಿಂದ ಸ್ಮಶಾನದ ಮೂಲೆಗೆ ಲೆಕ್ಕ ಹಾಕಿದರು. ಬೆರಳು ಹೋಗಿ ನಿಂತದ್ದು ತೂತಿನಲ್ಲಿ. ನಕ್ಷೆ ಸವೆದು ಹೋದ ನಡುಮಡಿಕೆಯಲ್ಲಿ. ‘ಹಳೇ ಬಾವಿ’ ಎಂಬ ಅಕ್ಷರದ ಬಲಕ್ಕೆ, ಒಂದು ಬೆಂಕಿಕಡ್ಡಿಯಗಲದ ದೂರದಲ್ಲಿ.

“ಗುರುತು ಬಲಗಡೆ ಇತ್ತು ಕಣೋ,” ಎಂದರು ಮೇಷ್ಟ್ರು ಬೇಕರಿಯವನಿಗೆ. “ಮಡಿಕೆ ತಿಂದುಬಿಟ್ಟಿದೆ.”

“ಹಾಗಾದ್ರೆ ಎಡಗಡೆ ಇರೋ ಈ ಚುಕ್ಕೆ?”

ಮೇಷ್ಟ್ರು ಅದಾಗಲೇ ಕಣ್ಣೊರೆಸಿಕೊಂಡಿದ್ದರು. ಅದೇ ಒದ್ದೆ ಬೆರಳನ್ನು ಚುಕ್ಕೆಯ ಮೇಲೆ ಇಟ್ಟು ತಿಕ್ಕಿದರು. ಎತ್ತಿ ನೋಡಿದರೆ ಬೆರಳ ತುದಿ ನೀಲಿಯಾಗಿತ್ತು.

ಇಬ್ಬರೂ ಆ ಬೆರಳನ್ನೇ ನೋಡುತ್ತ ನಿಂತರು. ನಡುಮನೆಯಿಂದ ಅಮ್ಮನ ದನಿ ಕೇಳಿತು.

“ಇಂಕು ತಾನೇ?”

ಬೇಕರಿಯವನಿಗೆ ಇನ್ನು ತಡೆಯಲಾಗಲಿಲ್ಲ. ಮಂಚದ ಅಂಚಿಗೆ ಕುಸಿದು ಕೂತು, ದಿಂಬಿಗೆ ಮುಖ ಒತ್ತಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಹೊರಗಿದ್ದವರು ಪಾಪ ಎಷ್ಟು ಅಳ್ತಾನೆ ಎಂದುಕೊಂಡರು. ಕೊನೆಗೆ ಅವನು ನಿಜವಾಗಿಯೂ ಅತ್ತ, ಅದು ಬೇರೆ ಮಾತು.

ಅಷ್ಟರಲ್ಲಿ ಸ್ಮಶಾನದ ಗುಮಾಸ್ತ ಬಂದ. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಸ್ಮಶಾನದ ಜಾಗಗಳ ನಕಾಶೆಯ ಸುರುಳಿ. ಅವನಿಗೆ ತನ್ನ ಆಡಳಿತದಲ್ಲಿ ಇಂಥದೊಂದು ಆಗಿಹೋಯಿತಲ್ಲ ಎಂಬ ಸಂಕಟ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮಿಬ್ಬರಿಗೂ ಅಂತ ಇಟ್ಟಿದ್ದ ಜೋಡಿ ಜಾಗದ ಸರಿ ಮಧ್ಯಕ್ಕೇ ಆ ಬಾವಿ ಇದೆ. ಬೇರೆ ಜೋಡಿ ಜಾಗ ಇಲ್ಲ. ಬಿಡಿ ಬಿಡಿಯಾಗಿ ಎರಡಿದೆ. ಒಂದು ಗೇಟಿನ ಹತ್ತಿರ, ಇನ್ನೊಂದು ಹಿಂದಿನ ಸಾಲಲ್ಲಿ.”

“ಅಂದ್ರೆ ನಮ್ಮಪ್ಪ ಗೇಟಲ್ಲಿ ಕಾವಲು ಕಾಯಬೇಕಾ?” ಮಗಳು ಎದ್ದಳು. ಅವಳು ಆಸ್ಪತ್ರೆಯಲ್ಲಿ ದಾದಿ, ದನಿಯೆತ್ತಿದರೆ ವಾರ್ಡೇ ಎದ್ದು ಕೂರುತ್ತಿತ್ತು.

“ಇಲ್ಲಾಂದ್ರೆ ಇನ್ನೊಂದು ದಾರಿ ಇದೆ,” ಎಂದ ಹಾರೆಯಣ್ಣ. “ಎರಡು ಗಾಡಿ ಮಣ್ಣು ಸುರಿದು ದಮ್ಮಸ್ಸು ಹಾಕಿದ್ರೆ ಬಾವಿ ತುಂಬುತ್ತೆ. ಮೊದಲಿನ ಹಾಗೇ ಜೋಡಿ ಗುಂಡಿ. ಮಧ್ಯಾಹ್ನದೊಳಗೆ ಆಗುತ್ತೆ.”

ಬಾಗಿಲಲ್ಲಿ ನೀಲಿ ಬೆರಳಿನ ಮೇಷ್ಟ್ರು ನಿಂತಿದ್ದರು. “ಅಮ್ಮಾ, ಬೇಡ. ಮುಚ್ಚೋದು ಬೇಡ. ಅವರು ಇದೊಂದಕ್ಕೋಸ್ಕರ...”

“ಮೇಷ್ಟ್ರೇ,” ಅಮ್ಮ ಮೆತ್ತಗೇ ಹೇಳಿದರು, “ನಿಮಗೆ ಬಾವಿ ಸಿಕ್ತು. ನನಗೇನು ಸಿಗತ್ತೆ? ಮುಚ್ಚಿಬಿಡಪ್ಪಾ ಹಾರೆಯಣ್ಣಾ.”

ಹಾರೆಯಣ್ಣ ಮಣ್ಣಿನ ಗಾಡಿಗೆ ಹೇಳಲು ಹೊರಟ.

*

ಅಮ್ಮನಿಗೂ ಆ ಬಾವಿಗೂ ಹಳೆಯ ಲೆಕ್ಕವಿತ್ತು. ಆಕೆ ಅದನ್ನು ಸವತಿ ಎಂದೇ ಕರೆಯುತ್ತಿದ್ದರು. “ಎಲ್ಲಿಗೆ, ಸವತಿ ಮನೆಗಾ?” ಎಂದು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಾ ಕೇಳುವುದು, ಗಂಡ ಸಿಕ್ಕಿಬಿದ್ದವರ ಹಾಗೆ ನಗುವುದು. ತಮಾಷೆಯೇ, ಸುಳ್ಳಲ್ಲ. ಆದರೆ ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಭಾನುವಾರಗಳು ಉದ್ದವಾದವು. ಒಂದು ಸಂಜೆ ಅಮ್ಮ ಎರಡು ತಟ್ಟೆ ಹಾಕಿ ಕಾದು ಕಾದು, ಒಂದನ್ನು ಎತ್ತಿಟ್ಟು, ಇನ್ನೊಂದರಲ್ಲಿ ಒಬ್ಬರೇ ಉಂಡಿದ್ದರು. ಅವತ್ತು ಬಹಳ ಬೇಸರವಾಗಿತ್ತು, ಅದನ್ನು ಆಕೆ ಯಾರಿಗೂ ಹೇಳಲಿಲ್ಲ.

ಸ್ಮಶಾನದಲ್ಲಿ ಜೋಡಿ ಜಾಗ ಆರಿಸಿದ್ದೂ ಅಮ್ಮನೇ. ಮೂಲೆಯಲ್ಲಿ, ಗೋಡೆಯ ಪಕ್ಕ. ಬಿರುಬೇಸಿಗೆಯಲ್ಲೂ ಅಲ್ಲಿ ಹುಲ್ಲು ಹಸಿರಾಗಿರುವುದನ್ನು ಕಂಡು ಮನಸೋತಿದ್ದರು. ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದರು. ಅಷ್ಟೊತ್ತಿಗೆ ಅವರ ಮಂಡಿ ಕೈಕೊಟ್ಟಿತ್ತು. ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಬೇಕರಿಯ ಬನ್ನು ತಿನ್ನುತ್ತಾ ಅವರು ಹೇಳಿದ್ದು ಇಷ್ಟು: “ಜಾಗ ತಂಪಾಗಿದೆ ಕಣೇ. ಕೆಳಗೆಲ್ಲೋ ನೀರಿರಬೇಕು.” ಹಾಗಂದು, ಈ ಮಂಡಿ ಇಟ್ಟುಕೊಂಡು ಮುಂದಿನ ವರ್ಷ ಕುಂಬಳದ ಹೊಲಕ್ಕೆ ಹೋಗುವುದು ಹೇಗೆಂದು ಚಿಂತೆ ಮಾಡತೊಡಗಿದ್ದರು.

“ಭಾನುವಾರಗಳನ್ನೆಲ್ಲ ಆ ಕಾಗದಕ್ಕೆ ಬರೆದುಕೊಟ್ರಿ,” ಎಂದರು ಅಮ್ಮ. “ಇಲ್ಲಿಗೆ ಬಂದ ಮೇಲಾದ್ರೂ ನನ್ನ ಪಕ್ಕದಲ್ಲೇ ಇರ್ತೀನಿ ಅಂತ ಮಾತು ಕೊಡಿ.”

“ಇಲ್ಲಿಂದ ಎದ್ದು ಎಲ್ಲಿಗೆ ಹೋಗ್ಲಿ ಕಣೇ?”

“ನಿಮ್ಮನ್ನ ನಂಬೋಕಾಗಲ್ಲ. ಬಾಯಿಬಿಟ್ಟು ಹೇಳಿ.”

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಂಗಡಿಯಲ್ಲಿ ಗಿರಾಕಿಗೆ ಗಂಭೀರವಾದದ್ದೇನಾದರೂ ಹೇಳುವ ಮೊದಲು ಮಾಡುತ್ತಿದ್ದ ಅಭ್ಯಾಸ ಅದು. “ನಿನ್ನ ಪಕ್ಕದಲ್ಲೇ ಇರ್ತೀನಿ,” ಎಂದರು. ಆಮೇಲೆ ಉಳಿದ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟರು.

*

ಬಾವಿ ಮುಚ್ಚುವುದನ್ನು ನಾನೇ ನೋಡಬೇಕು ಎಂದು ಅಮ್ಮ ಪಟ್ಟು ಹಿಡಿದರು. ಬೇಕರಿಯವನು ಬ್ರೆಡ್ಡು ಸಾಗಿಸುವ ವ್ಯಾನಿನಲ್ಲಿ ಅಮ್ಮ, ಮಗಳು, ಮೇಷ್ಟ್ರನ್ನು ಕೂರಿಸಿಕೊಂಡು ಹೊರಟ. ಹಾರೆಯಣ್ಣ, ಗುಮಾಸ್ತ ಮುಂದೆ ಹೋಗಿದ್ದರು. ಪೆಟ್ಟಿಗೆ ಸದ್ಯ ಮನೆಯಲ್ಲೇ ಉಳಿಯಿತು, ಕುಂಬಳದ ಅಜ್ಜಿಯ ಕಾವಲಿನಲ್ಲಿ. “ಇನ್ನು ನನ್ನ ಹೊಲ ಯಾರು ಅಗೀತಾರಪ್ಪಾ?” ಎಂದು ಅಜ್ಜಿ ಕನ್ನಡಕದವರನ್ನೇ ನೇರವಾಗಿ ವಿಚಾರಿಸುತ್ತಿದ್ದಳು.

ಸ್ಮಶಾನದ ಮೂಲೆಯಲ್ಲಿ ಮಣ್ಣಿನ ಗಾಡಿ ಬಂದು ನಿಂತಿತ್ತು. ಹಾರೆಯಣ್ಣ ಸುತ್ತಲ ಮಣ್ಣು ಸರಿಸಿ ಬಾವಿಯ ಬಾಯನ್ನು ಪೂರ್ತಿ ಬಿಡಿಸಿಟ್ಟಿದ್ದ. ದೊಡ್ಡದೇನಲ್ಲ, ಎರಡು ಕೈ ಚಾಚಿದರೆ ಸಿಗುವಷ್ಟು ಅಗಲ. ದುಂಡಗೆ ಕಟ್ಟಿದ ಕಪ್ಪು ಕಲ್ಲು. ಸ್ಮಶಾನಕ್ಕೆ ಗೋಡೆ ಎಬ್ಬಿಸಿದ ಕಾಲದವರು ಯಾರೋ ಚಪ್ಪಡಿ ಮುಚ್ಚಿ, ಮಣ್ಣೆಳೆದು ಕೈತೊಳೆದುಕೊಂಡಿದ್ದರು.

ಮೇಷ್ಟ್ರು ದೂರದಲ್ಲೇ ನಿಂತರು. ಹತ್ತಿರ ಹೋದರೆ ಅಮ್ಮನಿಗೆ ಬೇಜಾರಾಗಬಹುದೆಂದು ಹೆದರಿಕೆ. ಅವರ ಕುತ್ತಿಗೆ ಮಾತ್ರ ಉದ್ದವಾಗುತ್ತಲೇ ಇತ್ತು.

“ಸುರೀಲಾ ಅಮ್ಮಾ?” ಹಾರೆಯಣ್ಣ ಕೇಳಿದ.

“ತಡಿ. ಸವತಿ ಮುಖ ಒಂದ್ಸಲ ನೋಡ್ತೀನಿ.”

ಮಗಳ ತೋಳು ಹಿಡಿದು ಅಮ್ಮ ಅಂಚಿಗೆ ಕೂತರು. ಒಳಗಿನಿಂದ ತಂಪು ಬಂದು ಮುಖಕ್ಕೆ ತಾಗಿತು. ಆಳದಲ್ಲಿ ನೀರು ಕಾಣುತ್ತಿತ್ತು. ಕಲ್ಲಿನ ಮೇಲೆ ಕೈಯೂರಿದಾಗ ಬೆರಳುಗಳು ಯಾವುದೋ ಸಂದಿಗೆ ಇಳಿದವು. ಬಗ್ಗಿ ನೋಡಿದರು. ಕಲ್ಲಿನಲ್ಲಿ ಹಗ್ಗ ಕೊರೆದ ಗೀರುಗಳು, ಒಂದರ ಪಕ್ಕ ಒಂದು, ಹೆಬ್ಬೆರಳು ಹೂತುಹೋಗುವಷ್ಟು ಆಳ, ಒಳಗೆಲ್ಲ ನುಣುಪು. ಕೆಲವು ನೇರವಾಗಿ ಇಳಿದಿದ್ದವು, ಕೆಲವು ಓರೆ. ಅಮ್ಮ ಒಂದೊಂದನ್ನೂ ಮುಟ್ಟುತ್ತಾ ಸುತ್ತ ಕೈಯಾಡಿಸಿದರು. ಗೋಡೆಯ ಕಡೆಗೆ ಗೀರುಗಳು ಒತ್ತೊತ್ತಾಗಿದ್ದವು. ಎದುರು ಬದಿಯಲ್ಲಿ ಕಲ್ಲು ಹೊಸದರಂತೆ ಇತ್ತು.

“ಈ ಕಡೆ ಮಾತ್ರ ಯಾಕಿದೆ ಇವು?”

ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. ಗೊತ್ತಿಲ್ಲ ಎನ್ನುವಂತೆ ತಲೆಯಾಡಿಸಿದರು. ಹಾರೆಯಣ್ಣ ಸೂರ್ಯನನ್ನು ನೋಡಿ, ಗೋಡೆಯಾಚೆಯ ಗುಡ್ಡವನ್ನು ನೋಡಿ, “ನೀರು ಸೇದೋದು ಬೆಳಿಗ್ಗೆ ಅಲ್ವಾ? ಬೆಳಿಗ್ಗೆ ಗುಡ್ಡದ ನೆರಳು ಈ ಕಡೆ ಬೀಳುತ್ತೆ. ಆ ಕಡೆ ಬಿಸಿಲು,” ಎಂದ. “ಹೆಂಗಸರು ನೆರಳಲ್ಲಿ ನಿಂತು ಸೇದಿದ್ದಾರೆ.”

“ನಾನಾಗಿದ್ರೂ ಇಲ್ಲೇ ನಿಲ್ತಿದ್ದೆ,” ಎಂದರು ಅಮ್ಮ.

ಅವರ ಬೆರಳು ಮತ್ತೆ ಆ ಗೀರುಗಳಿಗೇ ಹೋಯಿತು. ಯಾರು ಯಾರೋ ಹೆಂಗಸರು, ಅವರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ದಿನಾ ಬೆಳಿಗ್ಗೆ ಬಂದು, ನೆರಳು ಹುಡುಕಿ ನಿಂತು, ಗಂಡಂದಿರ ಮೇಲೆ ದೂರು ಹೇಳಿಕೊಳ್ಳುತ್ತಾ ನೀರು ಸೇದಿ ಹೋಗಿದ್ದಾರೆ. ಗಂಡ ಹುಡುಕುತ್ತಿದ್ದದ್ದು ಇವರನ್ನು ಎಂದು ಅಮ್ಮನಿಗೆ ಅನ್ನಿಸಿತು. ಇಷ್ಟು ವರ್ಷ ತಾನು ಸವತಿ ಎಂದದ್ದು ತನ್ನಂಥವರನ್ನೇ. ಗಂಡನ ಮೇಲೆ ಸಿಟ್ಟೂ ಬಂತು. ಅದು ಇಂಕು ಎಂಬ ಹೆಂಡತಿಯ ಮಾತನ್ನು ಒಂದೇ ಒಂದು ವರ್ಷ ಕೇಳಿದ್ದರೆ ಈ ಗೀರುಗಳನ್ನು ಇಬ್ಬರೂ ಕೂತು ಮುಟ್ಟಬಹುದಿತ್ತು. ಕಣ್ಣು ತುಂಬಿ ಬಂತು, ಹಾಗೇ ಬಿಟ್ಟರು.

“ಮಣ್ಣು ವಾಪಸ್ ತಗೊಂಡು ಹೋಗು,” ಎಂದರು.

“ಅಮ್ಮಾ!” ಮಗಳು ಗಾಬರಿಯಾದಳು. “ಹಾಗಾದ್ರೆ ಅಪ್ಪನ್ನ ಗೇಟಿನ ಹತ್ತಿರ...”

“ಗೇಟೂ ಇಲ್ಲ, ಹಿಂದಿನ ಸಾಲೂ ಇಲ್ಲ. ಹಾರೆಯಣ್ಣಾ, ಬಿಸಿಲಿನ ಬದೀಲಿ ಒಬ್ಬರು ಹಿಡಿಸೋಷ್ಟು ಜಾಗ ಇದೆಯಾ?”

ಹಾರೆಯಣ್ಣ ಹಾರೆಯನ್ನೇ ಮಲಗಿಸಿ ಅಳೆದ. “ಧಾರಾಳವಾಗಿದೆ.”

“ಅಲ್ಲಿ ಅವರು. ಅವರಿಗೆ ಬಿಸಿಲು ಅಭ್ಯಾಸ ಇದೆ. ಈ ನೆರಳಿನ ಬದಿ ನನಗೆ.”

“ಮಧ್ಯ ಬಾವಿ ಬರುತ್ತಲ್ಲ ಅಮ್ಮಾ,” ಎಂದ ಬೇಕರಿಯವನು.

“ಬರ್ಲಿ ಬಿಡೋ. ಯಾವತ್ತು ಇರ್ಲಿಲ್ಲ?”

ಬೇಕರಿಯವನು ಈ ಸಲ ದಿಂಬು ಹುಡುಕಲಿಲ್ಲ, ಎಲ್ಲರೆದುರೇ ನಕ್ಕ. ಮಗಳೂ ನಕ್ಕಳು. ಮೇಷ್ಟ್ರು ಓಡಿಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಅಮ್ಮನ ಅಂಗೈಗೂ ಒಂದಿಷ್ಟು ನೀಲಿ ಹತ್ತಿತು.

ಗುಮಾಸ್ತನೊಬ್ಬನೇ ನಗಲಿಲ್ಲ. ನಕಾಶೆ ಬಿಡಿಸಿ ಹಿಡಿದು, “ಆ ಗೋಡೆ ಕಡೆ ಜಾಗವೇ ಇಲ್ಲ ಅಮ್ಮಾ. ನೀರಿನ ಡಬ್ಬ, ಮುರಿದ ಬೆಂಚು ಇಡೋದಕ್ಕೆ ಬಿಟ್ಟಿರೋದು. ನಕಾಶೇಲಿ ಅದು ಬರೋದೇ ಇಲ್ಲ,” ಎಂದ.

“ನಿಮ್ಮ ನಕಾಶೇಲಿ ಬಾವಿ ಇತ್ತಾ?” ಬೇಕರಿಯವನು ಕೇಳಿದ.

ಗುಮಾಸ್ತ ನಕಾಶೆಯನ್ನು ಆಚೆ ಈಚೆ ತಿರುಗಿಸಿ ನೋಡಿದ.

“ಇವತ್ತಿಗೆ ಅವರದ್ದು ಆಗ್ಲಿ,” ಎಂದು ಕೊನೆಗೆ ಒಪ್ಪಿದ. “ನಿಮ್ಮದು ಆಮೇಲೆ ನೋಡೋಣ. ಅಲ್ಲಿ ಒಬ್ಬರು ಹಿಡಿಸೋದು ಅನುಮಾನ.”

*

ಮಧ್ಯಾಹ್ನ ಕಳೆದು ಬಿಸಿಲು ತುಸು ಇಳಿದ ಮೇಲೆ ಕನ್ನಡಕದವರನ್ನು ಬಾವಿಯ ಬಿಸಿಲ ಬದಿಯಲ್ಲಿ ಇಳಿಸಿದರು. ಪೇಟೆಬೀದಿಯೇ ಬಂದಿತ್ತು. ಬಂದವರೆಲ್ಲ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ, ಅಲ್ಲೇ ಪಕ್ಕಕ್ಕೆ ಸರಿದು ಬಾವಿಗೆ ಇಣುಕಿದರು. ಇಣುಕಿದವರು ಬೇಗ ಏಳಲಿಲ್ಲ, ಹಿಂದಿನವರು ಗೊಣಗಿದರು. ಮೇಷ್ಟ್ರು ಪ್ರತಿಯೊಬ್ಬರಿಗೂ ಗೀರು ತೋರಿಸಿ ಮುಟ್ಟಿಸಿ ಕಳಿಸುತ್ತಿದ್ದರು. ಕುಂಬಳದ ಅಜ್ಜಿ ಬಹಳ ಹೊತ್ತು ನೋಡಿ, “ಇದು ಇಲ್ಲಿತ್ತು ಅಂತ ನನಗೆ ಗೊತ್ತಿದ್ರೂ ನಾನು ಹೇಳ್ತಿರ್ಲಿಲ್ಲ,” ಎಂದು ಒಪ್ಪಿಕೊಂಡಳು.

ಬೇಕರಿಯವನು ಸ್ಮಶಾನದ ಡಬ್ಬವೊಂದಕ್ಕೆ ಹಗ್ಗ ಕಟ್ಟಿ ಬಾವಿಗೆ ಬಿಟ್ಟ. ಹಗ್ಗ ತಾನಾಗಿಯೇ ಒಂದು ಗೀರಿಗೆ ಹೋಗಿ ಕೂತಿತು. ಸೇದಿದ ನೀರನ್ನು ಅವನು ಹೊಸ ಮಣ್ಣಿನ ಮೇಲೆ ನಿಧಾನಕ್ಕೆ ಹೊಯ್ದ. ಮಣ್ಣು ಕುಡಿದು ಕಪ್ಪಾಯಿತು. ಸಿಹಿಯೋ ಅಲ್ಲವೋ ನೋಡಲು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಏನು ರುಚಿ ಎಂದು ಯಾರೋ ಕೇಳಿದರು, ಅವನು ಇನ್ನೊಂದು ಡಬ್ಬ ಸೇದಿದ.

ಜನ ಕರಗಿದರು. ಅಮ್ಮ ಗೋಡೆಯ ಬದಿಗೆ ಹೋಗಿ ನಿಂತಿದ್ದರು.

“ಆ ಡಬ್ಬಗಳನ್ನೆಲ್ಲ ಆಚೆ ಇಡಪ್ಪಾ ಹಾರೆಯಣ್ಣಾ. ಆ ಬೆಂಚನ್ನೂ.”

ಹಾರೆಯಣ್ಣ ಎಲ್ಲ ಎತ್ತಿಟ್ಟ. ಕೆಳಗೆ ಹುಲ್ಲು ಬೆಳ್ಳಗೆ ಬಾಡಿಕೊಂಡಿತ್ತು. ಅಮ್ಮ ಮೊದಲು ಕೂತರು. ಆಮೇಲೆ ಮೊಣಕೈ ಊರಿದರು. ಆಮೇಲೆ, ಮಗಳು ನೋಡನೋಡುತ್ತಿದ್ದ ಹಾಗೆ, ಅಂಗಾತ ಮಲಗಿಯೇಬಿಟ್ಟರು.

“ಅಮ್ಮಾ! ಏನಿದು, ಏಳಮ್ಮಾ!”

“ಸುಮ್ನಿರೇ. ಹಿಡಿಸಲ್ಲ ಅಂದ್ರಲ್ಲ ಸಾಹೇಬ್ರು. ನೋಡ್ತಿದೀನಿ.” ಕಾಲು ನೀಡಿದರು. “ಹಾರೆಯಣ್ಣಾ, ತಲೆ ಕಡೆ ಎಷ್ಟಿದೆ?”

ಹಾರೆಯಣ್ಣ ಮಂಡಿಯೂರಿ, ಅಮ್ಮನ ತಲೆಗೂ ಗೋಡೆಯ ಮೂಲೆಗಲ್ಲಿಗೂ ನಡುವೆ ಕೈಯಿಟ್ಟ. “ಇನ್ನೂ ಒಂದು ಗೇಣಿದೆ ಅಮ್ಮಾ.”

“ಸಾಕಲ್ಲ. ದಿಂಬಿಗಾಯ್ತು.”

ಅಮ್ಮ ಮಗ್ಗುಲು ಬದಲಿಸಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಬಾವಿಯ ಕಡೆ ಮುಖ ಮಾಡಿದರು. ಬೆನ್ನಿಗೆ ಗೋಡೆ ತಾಗಲಿಲ್ಲ. ಕಣ್ಣಿನ ನೇರಕ್ಕೆ ಕಲ್ಲಿನ ಅಂಚು, ಅದರಾಚೆ ನೀರು ಹೊಯ್ದ ಕಪ್ಪು ಮಣ್ಣಿನ ದಿಬ್ಬ, ನಡುವೆ ಇಸ್ತ್ರಿಯ ಗೆರೆ ಇನ್ನೂ ಮಾಸದ ಎರಡು ಪ್ಯಾಂಟಿನ ಕಾಲುಗಳು.

“ಸಾಹೇಬ್ರೇ,” ಎಂದರು ಅಮ್ಮ ಮಲಗಿದ್ದಲ್ಲಿಂದಲೇ, “ಒಂಚೂರು ಸರೀರಿ. ನಮ್ಮನೆಯವರು ಕಾಣಿಸ್ತಿಲ್ಲ.”

ಗುಮಾಸ್ತ ನಕಾಶೆಯನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದು ನಿಂತ.